ಬಿಟ್ಟಂಗಾಲದಲ್ಲಿ ಎರಡು ಸದ್ದು

ದೇಚಮ್ಮನ ಹುಟ್ಟುಹಬ್ಬಕ್ಕೆ ನಾನು ಕೊಟ್ಟ ಗಿಫ್ಟ್ ಎರಡು ಆಟಂಬಾಂಬ್.

ಹೀರೋ ಎಂಟ್ರಿಗೆ ಸೌಂಡ್ ಬೇಡವೇ? ಸೈಲೆನ್ಸರ್ ಬದಲಾಯಿಸಿದ ಬೈಕಿನಲ್ಲಿ ಬೆಳಿಗ್ಗೆಯೇ ಕುಶಾಲನಗರದಿಂದ ಬಿಟ್ಟಂಗಾಲಕ್ಕೆ ಬಂದು, ಅವರ ಎಸ್ಟೇಟಿನ ಗೇಟಿನ ಬಳಿ ಎರಡನ್ನೂ ಒಟ್ಟಿಗೇ ಹಚ್ಚಿದೆ. ಒಂದು ನನ್ನ ಹೃದಯ, ಇನ್ನೊಂದು ಅವಳದು. ಢಂ! ಢಂ!

ಒಂದು ವರ್ಷ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಓರೆಯಾಗಿ ನೋಡಿ ನಕ್ಕ ಕಣ್ಣುಗಳು ಈಗ ಓಡಿ ಬರುತ್ತವೆ ಎಂದು ಕೂದಲು ಸರಿಮಾಡಿಕೊಂಡೆ.

ಬಂದದ್ದು ಜೀಪು. ಬಿಳಿ ಬಟ್ಟೆಯ ನಾಲ್ವರು ಇಳಿದರು. ಅದರ ಹಿಂದೆ ಇನ್ನೊಂದು ಜೀಪು.

"ಯಾವಾಗ ಹೋದದ್ದು?" ಒಬ್ಬರು ನನ್ನ ಹೆಗಲು ಹಿಡಿದು ಮೆಲ್ಲಗೆ ಕೇಳಿದರು.

"ಯಾರು ಸಾರ್?"

ಅಷ್ಟರಲ್ಲಿ ದೇಚು ಏದುಸಿರು ಬಿಡುತ್ತಾ ಬಂದಳು.

"ಲೋಹಿತ್, ನೀನಾ? ಎಂಥ ಮಾಡಿಟ್ಟೆ ಮಾರಾಯ! ನಮ್ಮಲ್ಲಿ ಎರಡು ಗುಂಡು ಒಟ್ಟಿಗೆ ಹೊಡೆದ್ರೆ ಆ ಮನೆಯಲ್ಲಿ ಸಾವು ಅಂತ. ತಾತ ಹಾಸಿಗೆ ಹಿಡಿದಿದ್ದಾರೆ. ಊರೇ ಬರ್ತಾ ಉಂಟು!"

"ಅಯ್ಯೋ, ನಂಗೇನ್ ಗೊತ್ತು ಕಣೇ? ನಮ್ ಕಡೆ ಪಟಾಕಿ ಅಂದ್ರೆ ಖುಷಿ."

"ಕೇಳಬಹುದಿತ್ತಲ್ಲ? ಒಂದು ವರ್ಷ ಬರೀ ಡೈಲಾಗ್ ಹೊಡೆದೆ. ನಮ್ಮ ಮನೆ ಬಗ್ಗೆ ಒಂದು ಮಾತು ಕೇಳಿದ್ದೀಯಾ?"

ತಲೆ ತಗ್ಗಿಸಿ ಅವಳ ಹಿಂದೆಯೇ ಮನೆಯಂಗಳಕ್ಕೆ ನಡೆದೆ.

ಅವಳ ಅಪ್ಪ ನನ್ನನ್ನು ನೋಡಿದ್ದೇ ಗೇಟಿನ ಕಡೆ ಬೆರಳು ತೋರಿಸಿದರು. ಆದರೆ ತಾತ ಜಗಲಿಗೆ ಕುರ್ಚಿ ತರಿಸಿ ಕೂತು, ತಮ್ಮ ಸಾವಿಗೆ ಬಂದವರಿಗೆಲ್ಲ ಕಾಫಿ ಕೊಡಿಸುತ್ತಿದ್ದರು.

"ಯಾರೆಲ್ಲ ಬರ್ತಾರೆ ಅಂತ ನಾನೇ ನೋಡಿಬಿಟ್ಟೆ! ಏ ಹುಡುಗಾ, ಬರುವ ಭಾನುವಾರ ಬಾ. ನಮ್ಮ ಪದ್ಧತಿ ಕಲಿಸ್ತೇನೆ. ಇವಳ ಅಪ್ಪನನ್ನು ಒಪ್ಪಿಸುವುದು ನನಗೆ ಬಿಡು."

ಆ ಮನೆಯಲ್ಲಿ ಅಪ್ಪ ಕೇಳುತ್ತಿದ್ದದ್ದು ತಾತನ ಮಾತೊಂದನ್ನೇ. ದೇಚು ತುಟಿ ಕಚ್ಚಿ ನಗು ತಡೆದು, ಕಂಬದ ಹಿಂದಿನಿಂದ ನನ್ನನ್ನೊಮ್ಮೆ ನೋಡಿದಳು.

ಭಾನುವಾರ ಕೆಂಪು ಶರ್ಟು, ಜೇಬಿನಲ್ಲಿ ಚೀಟಿ. ತಾತನಿಗೆ ಕೇಳಲು ಹದಿನೆಂಟು ಪ್ರಶ್ನೆ ಬರೆದುಕೊಂಡಿದ್ದೆ. ಗೇಟಿಗೆ ಇನ್ನೂ ಒಂದು ತಿರುವು ಇತ್ತು.

ಢಂ. ಢಂ.

ಈ ಸಲ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಬೈಕ್ ತಿರುಗಿಸಿ ವಿರಾಜಪೇಟೆಗೆ ಹೋದೆ, ಬಿಳಿ ಶರ್ಟು ಕೊಂಡು ಅಲ್ಲೇ ಹಾಕಿಕೊಂಡು ಬಂದೆ. ಎಲ್ಲರಿಗಿಂತ ಹಿಂದೆ ನಿಂತೆ.

ದೇಚು ಹತ್ತಿರ ಬಂದಳು. "ಯಾರು ಹೇಳಿದ್ದು?"

"ಕೇಳಿಸ್ತು."

ನನ್ನ ಹೊಸ ಕಾಲರಿನಲ್ಲೇ ಉಳಿದಿದ್ದ ಗುಂಡುಪಿನ್ನನ್ನು ಅವಳು ಮೆಲ್ಲಗೆ ತೆಗೆದಳು. ಚೀಟಿ ಕೊಟ್ಟೆ. ಓದಿದಳು. ಮೊದಲ ಪ್ರಶ್ನೆ: 'ನಿಮ್ಮಲ್ಲಿ ಹೆಣ್ಣು ಕೇಳುವುದು ಹೇಗೆ?'

"ಹೇಳಿಕೊಡುವವರು ಹೋದ್ರಲ್ಲ ಲೋಹಿತ್," ಎಂದು ಚೀಟಿಯನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಅವಳ ಅಪ್ಪ ಬಂದು ಕೈಮುಗಿದರು. "ಬಂದದ್ದಕ್ಕೆ ಉಪಕಾರ. ಇನ್ನು ಬರಬೇಡಿ."

ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ. ಕೈಮುಗಿದರೆ ಏನು ಹೇಳುವುದು?

ಆ ಮನೆಯವರಿಗೆ ನನ್ನ ಸದ್ದು ಮತ್ತೆ ಕೇಳಬಾರದೆಂದು, ಮೇನ್ ರೋಡ್ ಸಿಗುವವರೆಗೆ ಬೈಕನ್ನು ತಳ್ಳಿಕೊಂಡೇ ಹೋದೆ.