ಡಾಬಿನ ಎರಡು ಕೊಂಡಿ

"ಅಲ್ಲೇ ನಿಲ್ಲಿ. ಒಳೀಕೆ ಬರ್ಬೇಡಿ."

ಹುಳುಮನೆಯ ಬಾಗಿಲಿಗೆ ಅಡ್ಡವಾಗಿ ನಟರಾಜು ಕೈ ಚಾಚಿದ. ಧನುಶ್ರೀ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟಳು.

ನಿಶ್ಚಿತಾರ್ಥವಾದ ಮೇಲೆ ಅವರಿಬ್ಬರು ಎದುರೆದುರು ನಿಂತಿದ್ದು ಅದೇ ಮೊದಲು. ಕೂಟಗಲ್‌ನ ಆ ಮನೆಗೆ ಸೊಸೆಯಾಗಿ ಬರುವವಳು ಮದುವೆಗೆ ಮುಂಚೆ ಒಮ್ಮೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಬೇಕು, ಅದು ಅವರ ಪದ್ಧತಿ. ಅದಕ್ಕೆಂದೇ ಅವಳು ಕುದೂರಿನಿಂದ ಬಸ್ಸು ಬದಲಿಸಿ ಬದಲಿಸಿ ಬಂದಿದ್ದಳು.

ಅವನ ಮುಖ ಸಿಂಡರಿಸಿತು. ಹೊಟ್ಟೆಯ ಮೇಲೆ ಅವಳು ಇಟ್ಟುಕೊಂಡಿದ್ದ ಕೈಯನ್ನು ಒಮ್ಮೆ ನೋಡಿದ. "ಇವತ್ತು ಬೇಡ," ಎಂದವನೇ ಬಾಗಿಲು ಹಾಕಿಕೊಂಡ.

'ನನ್ನ ಹೊಟ್ಟೆ ನೋಡಿಯೇ ಬೇಡ ಅಂದರು...'

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ.

ಈ ಹೊಟ್ಟೆಯ ಸಂಕಟ ಶುರುವಾಗಿದ್ದು ನಿಶ್ಚಿತಾರ್ಥದ ದಿನ. ಅತ್ತೆಯಾಗುವ ಲಕ್ಷ್ಮಿದೇವಮ್ಮ ತಮ್ಮ ಮನೆಯ ಹಳೆಯ ಬೆಳ್ಳಿ ಡಾಬನ್ನು ಅವಳ ಸೊಂಟಕ್ಕೆ ಸುತ್ತಿದ್ದರು. ಕೊಕ್ಕೆ ಸೇರಲಿಲ್ಲ. ಅವಳು ಉಸಿರು ಬಿಗಿಹಿಡಿದಳು, ಆಗಲೂ ಎರಡು ಬೆರಳು ಕಡಿಮೆ. ಕೊನೆಗೆ ಹೂವಿನ ದಾರದಲ್ಲಿ ಕಟ್ಟಿದರು. ಲಕ್ಷ್ಮಿದೇವಮ್ಮ ಜೋರಾಗಿ ನಕ್ಕರು, ಅವರ ಹಿಂದೆ ಇಡೀ ಚಪ್ಪರ ನಕ್ಕಿತು.

'ಧಾರೆಯ ದಿನವೂ ದಾರವೇ?'

ಯಾರಿಗೂ ಹೇಳದೆ ರಾಮನಗರದ ಒಂದು ಕ್ಲಿನಿಕ್ಕಿಗೆ ಹೋದಳು. ಡಾಕ್ಟರ್ ನಿಖಾತ್ ಅವಳ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಮಷೀನಿನ ಹಿಡಿಯನ್ನು ಒತ್ತಿದರು.

"ಇದು ಅಲ್ಟ್ರಾಸೌಂಡ್. ಶಬ್ದದ ಅಲೆ ಕೊಬ್ಬಿರೋ ಜಾಗಕ್ಕೆ ಮಾತ್ರ ಬಿಸಿ ಮುಟ್ಟಿಸುತ್ತೆ. ಕೊಯ್ಯೋದಿಲ್ಲ, ಹೊಲಿಗೆ ಇಲ್ಲ. ಆದ್ರೆ ಕರಗೋಕೆ ಎರಡು ಮೂರು ತಿಂಗಳು ಬೇಕಮ್ಮ. ಮದುವೆ ಗಿದುವೆ ಏನಾದ್ರೂ ಹತ್ರ ಇದೆಯಾ?"

"ಇಲ್ಲ ಮೇಡಂ."

ಮದುವೆಗೆ ಇಪ್ಪತ್ತೇ ದಿನ ಇತ್ತು. ಆದರೂ ಹಟಕ್ಕೆ ಬಿದ್ದವಳಿಗೆ ಲೆಕ್ಕ ಎಲ್ಲಿ ನಾಟುತ್ತದೆ?

ಮಾರನೇ ದಿನ ಹೊಟ್ಟೆ ಮುಟ್ಟಿದರೆ ನೋವು. ಅವ್ವನಿಗೂ ಹೇಳುವಂತಿಲ್ಲ. ನೋವಿನ ಬಾಮನ್ನು ಕೈತುಂಬ ಬಳಿದುಕೊಂಡು, ಮೇಲೆ ಸೀರೆಯುಟ್ಟು, ಕೂಟಗಲ್‌ಗೆ ಬಂದಿದ್ದಳು. ಬಂದವಳಿಗೆ ಸಿಕ್ಕಿದ್ದು ಆ ಮುಚ್ಚಿದ ಬಾಗಿಲು.

ಎಂಟು ದಿನ ಅವನ ಫೋನ್ ಎತ್ತಲಿಲ್ಲ. ಕನ್ನಡಿಗೆ ಟವೆಲ್ ಹೊದಿಸಿಟ್ಟಳು. ಒಂಬತ್ತನೇ ದಿನ ಮೆಸೇಜ್ ಕಳಿಸಿದಳು: 'ಈ ಮದುವೆ ಬೇಡ. ನಿಮಗೆ ತಕ್ಕವಳನ್ನು ನೋಡಿಕೊಳ್ಳಿ.'

ಅದೇ ದಿನ ಮತ್ತೆ ಬಂದು ತೋರಿಸು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ತೋರಿಸಿ ಕ್ಲಿನಿಕ್ಕಿನ ಮೆಟ್ಟಿಲಿಳಿದರೆ... ಎದುರಿಗೆ ಬೈಕ್ ನಿಲ್ಲಿಸಿಕೊಂಡು ನಟರಾಜು!

ಗೂಡಿನ ಮಾರ್ಕೆಟ್ಟಿಗೆ ರೇಷ್ಮೆಗೂಡು ತಂದಿದ್ದವನು ಮೆಸೇಜ್ ಓದಿ ಎದುರಿನ ಟೀ ಅಂಗಡಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅಲ್ಲಿಂದಲೇ ಅವಳು ಮೆಟ್ಟಿಲು ಹತ್ತುವುದನ್ನು ಕಂಡಿದ್ದ.

ಅವಳ ಕೈ ತಾನಾಗಿಯೇ ಸೆರಗನ್ನು ಹೊಟ್ಟೆಯ ಮೇಲೆ ಎಳೆಯಿತು.

"ಏನಾಗೈತೆ ನಿಮ್ಗೆ? ಉಸಾರಿಲ್ವಾ?"

ಇನ್ನು ಮುಚ್ಚಿಡುವುದೇನು? "ಹೊಟ್ಟೆ ಕರಗ್ಸೋಕೆ ಬಂದಿದ್ದೆ," ಎಂದಳು ನೆಲ ನೋಡುತ್ತ. "ನಿಮ್ಮನೆ ಡಾಬು ಸಾಲ್ನಿಲ್ವಲ್ಲ. ನೀವೂ ಬಾಗ್ಲಲ್ಲೇ ನಿಲ್ಸುದ್ರಿ."

ಅವನು ಬೈಕ್ ಬಿಟ್ಟು ಹತ್ತಿರ ಬಂದ.

"ಅವತ್ತು ಬಾಮ್ ಹಚ್ಕಂಡಿದ್ರಿ ಅಲ್ವಾ?"

"ಹೂಂ. ಮಷೀನ್ ಇಟ್ಟ ಜಾಗ ನೋಯ್ತಿತ್ತು."

"ಆ ವಾಸ್ನೆ ಹುಳಕ್ಕೆ ಆಗಲ್ಲ ಕಣ್ರೀ. ಮೇವು ಬುಟ್ಬುಡ್ತವೆ. ಸೆಂಟು, ಪೌಡ್ರು, ಊದ್ಬತ್ತಿ ಏನೂ ಒಳೀಕೆ ತರಂಗಿಲ್ಲ. ಹುಳ ಹಣ್ಣಾಗಿ ಗೂಡಿಗೆ ಬರೋಕೆ ಎಲ್ಡೇ ದಿನ ಇತ್ತು, ಗಾಬ್ರೀಲಿ ಬಾಗ್ಲು ಹಾಕ್ಬುಟ್ಟೆ. ನಮ್ಮೂರಲ್ಲಿ ಮಕ್ಕಳ್ಗೂ ಗೊತ್ತು, ನಿಮ್ಗೂ ಗೊತ್ತಿರ್ತದೆ ಅನ್ಕಂಡೆ. ಆಮೇಲೆ ಹುಳ ಗೂಡು ಕಟ್ಟೋವಾಗ ಬುಟ್ಟು ಬರಂಗಿರ್ನಿಲ್ಲ. ಫೋನ್ ಮಾಡುದ್ರೆ ನೀವು ಎತ್ನಿಲ್ಲ."

ರಾಗಿ ಹೊಲದ ಮನೆಯಲ್ಲಿ ಬೆಳೆದವಳಿಗೆ ಹುಳುವಿನ ಮಡಿ ಎಲ್ಲಿ ಗೊತ್ತಿರಬೇಕು? ಅವಳಿಗೆ ಈಗ ಬೇರೆಯೇ ನಾಚಿಕೆ. ಎಂಟು ದಿನ ಈ ಮನುಷ್ಯನನ್ನು ಏನೆಲ್ಲ ಅಂದುಕೊಂಡೆ...

"ನಿಮ್ಮವ್ವ ನಕ್ಕುದ್ರಲ್ಲ?" ಎಂದಳು.

ನಟರಾಜು ಬೈಕಿನ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಅದೇ ಡಾಬು. ಕಪ್ಪಾದ ಬೆಳ್ಳಿಯ ನಡುವೆ ಮೂರು ಕೊಂಡಿ ಸ್ವಲ್ಪ ಬಿಳಿ. ತುದಿಯಲ್ಲಿ ಎರಡು ಹೊಚ್ಚ ಹೊಸವು.

"ಅಕ್ಸಾಲಿ ದೇವರಾಜ್ ಆಚಾರ್ ಅಂಗ್ಡಿಯಿಂದ ಈಗ್ತಾನೆ ಈಸ್ಕಂಡೆ. ಈ ಮೂರು ಅವ್ವುಂಗೆ ಅಂತ ನಮ್ಮಜ್ಜಿ ಹಾಕ್ಸಿದ್ದು. ಅವ್ವುಂಗೂ ಸಾಲ್ದೆ ದಾರ ಕಟ್ಟಿದ್ರಂತೆ. ಅದು ಗ್ಯಾನ ಬಂದು ನಕ್ಕಿದ್ದು ಅವ್ವ. ಮಾರ್ನೇ ದಿನವೇ ಇದ ನನ್ ಕೈಗೆ ಕೊಟ್ಟು ಕಳ್ಸುದ್ಲು." ಹೊಸ ಕೊಂಡಿಗಳನ್ನು ಅವಳ ಅಂಗೈ ಮೇಲಿಟ್ಟ. "ಈ ಎಲ್ಡು ನಿನ್ಗೆ."

ಧನುಶ್ರೀ ರಸ್ತೆಯೆಂದೂ ನೋಡದೆ ಅತ್ತುಬಿಟ್ಟಳು. ಅವನು ಏನು ಮಾಡಬೇಕೆಂದು ತೋಚದೆ, ಡಾಬು ಸುತ್ತಿದ್ದ ಬಟ್ಟೆಯನ್ನೇ ಕಣ್ಣೊರೆಸಲು ಕೊಟ್ಟ.

"ಮೂರು ತಿಂಗ್ಳಿಗೆ ಹೊಟ್ಟೆ ಕರಗ್ಬುಟ್ರೆ? ಆಗ ಡಾಬು ಸಡ್ಲ ಆಗ್ತದೆ," ಎಂದಳು ಕಣ್ಣೊರೆಸಿಕೊಳ್ಳುತ್ತ.

"ಆದ್ರೆ ಆಗ್ಲಿ. ನಿನ್ ಮೈ, ನಿನ್ನಿಷ್ಟ. ನಮ್ಗೆ ಹೆದ್ರಿ ಮಾಡುಸ್ಕಬೇಡ, ಅಷ್ಟೇಯ."

"ಆ ಮೆಸೇಜು..."

"ಯಾವ್ದು?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಎಷ್ಟೋ ದಿನಗಳ ಮೇಲೆ ಸೆರಗು ಬಿಟ್ಟು ನೆಟ್ಟಗೆ ನಿಂತಳು.

"ಮುಂದ್ಲ ಬೆಳೆಗೆ ಸೊಪ್ಪಾಕೋಕೆ ಬತ್ತೀನಿ. ಬಾಮ್ ಹಚ್ಕಳಲ್ಲ."

"ಕಾಲ್ ತೊಳ್ಕಂಡು ಸೀದಾ ಒಳೀಕೆ ಬಾ," ಎಂದ ನಟರಾಜು. "ಬಾಗ್ಲಲ್ಲಿ ನಿಲ್ಬೇಡ."