ಕಾಮಣ್ಣನ ಬೀಗ

"ಯಾವ ನಾಟಕಾನರ ಆಡಸ್ರಿ, 'ಉರಿಗಣ್ಣ ನಾಯಕ' ಒಂದ ಬ್ಯಾಡ್ರಿ. ಮತ್ತ ರಂಗದ ಮುಂದಿನ ಆ ಹಲಗಿ ಯಾವತ್ತೂ ಕೀಳಬ್ಯಾಡ್ರಿ."

ನಾಟಕ ವಿಭಾಗದ ಮುಖ್ಯಸ್ಥ ವಿರುಪಾಕ್ಷಪ್ಪ ಮಾಸ್ತರರು ತಗ್ಗಿದ ದನಿಯಲ್ಲಿ ಹೇಳಿದ ಈ ಮಾತಿಗೆ ಶ್ರೀಪಾಲ ನಕ್ಕುಬಿಟ್ಟ. ಅವನು ಕಾಗವಾಡದ ದ್ರಾಕ್ಷಿ ತೋಟದ ಮನೆಯವನು. ದೂರದ ಊರಲ್ಲಿ ನಾಟಕವನ್ನೇ ಓದಿ, ೧೯೯೩ರಲ್ಲಿ ನಿಪ್ಪಾಣಿಯ ಆ ಸಣ್ಣ ಕಾಲೇಜಿಗೆ ಉಪನ್ಯಾಸಕನಾಗಿ ಬಂದಿದ್ದ. ಮಾಟ, ಮಂತ್ರ ಎಂದರೆ ಅವನಿಗೆ ಸಾಣೆ ಹಿಡಿದ ಸುಳ್ಳು, ಅಷ್ಟೇ.

ವಿಭಾಗದ ರಂಗಮಂದಿರ ಹಿಂದೊಮ್ಮೆ ತಂಬಾಕಿನ ಗೋದಾಮಾಗಿತ್ತು. ತಂಬಾಕು ಹೋಗಿ ಎಷ್ಟೋ ವರ್ಷವಾದರೂ ಅದರ ಘಾಟು ಗೋಡೆಯಿಂದ ಹೋಗಿರಲಿಲ್ಲ. ಒಳಗೆ ಕಾಲಿಟ್ಟವರಿಗೆ ಮೊದಲು ಸೀನು, ಆಮೇಲೆ ಗಂಟಲ ಕೆರೆತ. ಕಿಟಕಿಗಳೇ ಇಲ್ಲ. ತಗಡಿನ ಬಾಗಿಲು ಎಳೆದರೆ ಮಟಮಟ ಮಧ್ಯಾಹ್ನದಲ್ಲೂ ಕಗ್ಗತ್ತಲು. ಗೋಡೆಯ ಮೇಲೆ ಹಿಂದಿನ ನಾಟಕಗಳ ಫೋಟೋಗಳು ಸಾಲಾಗಿ ತೂಗುತ್ತಿದ್ದವು. ಗದೆ ಹಿಡಿದವರು, ಸೀರೆಯುಟ್ಟ ಗಂಡು ಹುಡುಗರು, ಅಂಟಿಸಿದ ಮೀಸೆಗಳು. ೧೯೮೪ರ 'ಉರಿಗಣ್ಣ ನಾಯಕ'ದ ಫೋಟೋದಲ್ಲಿ ನಾಯಕನ ಕಾಲ ಬಳಿ, ರಂಗದ ಅಂಚಿನಿಂದ ಒಂದು ಹಣೆ, ಎರಡು ಕಣ್ಣು ಮಾತ್ರ ಮೇಲೆದ್ದಿದ್ದವು.

ಅವನೇ ಕಾಮಣ್ಣ ಎಂದರು ಮಾಸ್ತರರು. ಚಿಂಚಲಿ ಕಡೆಯ ಕುರಿ ಕಾಯುವವರ ಮನೆಯ ಹುಡುಗ. ರಂಗದ ಮುಂದಿನ ತಗ್ಗಿನಲ್ಲಿ ಕೂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಹೇಳಿಕೊಡುವುದು ಅವನ ಕೆಲಸ. ಎಲ್ಲರ ಮಾತೂ ಅವನಿಗೆ ಬಾಯಿಪಾಠ. ಕಂಚಿನಂಥ ಕಂಠ. ಆದರೂ ಪಾತ್ರ ಕೇಳಿದಾಗಲೆಲ್ಲ 'ಮುಂದಿನ ವರ್ಷ' ಎಂಬ ಮಾತು, ಪ್ರತಿ ವರ್ಷ ಅವನಿಗೆ ಸಿಕ್ಕಿದ್ದು ತಗ್ಗು. 'ಉರಿಗಣ್ಣ ನಾಯಕ'ದ ಮುಖ್ಯ ಪಾತ್ರ ತಂಬಾಕಿನ ವ್ಯಾಪಾರಿಯ ಮಗ ಬಾಬಾಸಾಹೇಬನಿಗೆ ಹೋದಾಗ, ಕಾಮಣ್ಣ ಘಟ್ಟ ಇಳಿದು ಕೊಂಕಣಕ್ಕೆ ಹೋಗಿ ಕರಣಿ ಮಾಡಿಸಿಕೊಂಡು ಬಂದನಂತೆ. ಬಾಯಿ ಕಟ್ಟುವ ಮಾಟ. ಮಂತ್ರಿಸಿದ ಒಂದು ಬೀಗ. ಬಾಬಾಸಾಹೇಬನ ನಾಲಿಗೆ ಬಿದ್ದರೆ ತಾನೇ ರಂಗಕ್ಕೆ ಹತ್ತಬಹುದೆಂದು ಅದನ್ನು ತಾನು ಕೂರುವ ತಗ್ಗಿನಲ್ಲೇ ಹೂತಿಟ್ಟ. ಮಾಟ ತಿರುಗಿತು. ಬಾಬಾಸಾಹೇಬ ನಾಟಕವನ್ನು ನಿರರ್ಗಳ ಮುಗಿಸಿದ. ತಗ್ಗಿನಿಂದ ಎದ್ದ ಕಾಮಣ್ಣನಿಗೆ ಮಾತಿರಲಿಲ್ಲ. ಮೊದಲು ಮಾತು ಹೋಯಿತು, ಆಮೇಲೆ ಗಂಟಲೇ ಬಿಗಿದು ನೀರೂ ಇಳಿಯದೆ ಸತ್ತ. ಆ ತಗ್ಗಿಗೆ ಹಲಗೆ ಹೊಡೆದು ಮುಚ್ಚಿದರು.

"ಆ ದನಿ ಇನ್ನೂ ಬೀಗದಾಗ ಐತ್ರಿ" ಎಂದು ಮಾಸ್ತರರು ಪಿಸುಗುಟ್ಟಿದರು. "ಆ ನಾಟಕದ ಮಾತ ಕೇಳಿದ್ರ ಎಚ್ಚರ ಆಕ್ಕೈತಿ."

ಶ್ರೀಪಾಲನಿಗೆ ಬೇರೆಯೇ ಕಂಡಿತು. ಆ ನಾಟಕ ಬರೆದು ಆಡಿಸಿದವರು ಇದೇ ವಿರುಪಾಕ್ಷಪ್ಪ. ಅದರಿಂದಲೇ ಅವರ ಹೆಸರು ಚಿಕ್ಕೋಡಿ, ರಾಯಬಾಗ, ಅಥಣಿಗಳಲ್ಲೆಲ್ಲ ಓಡಾಡಿತ್ತು. ನಿನ್ನೆ ಬಂದವನೊಬ್ಬ ಅದನ್ನು ತಮಗಿಂತ ಚೆನ್ನಾಗಿ ಆಡಿಸಿಬಿಟ್ಟರೆ? ಮುದುಕನಿಗೆ ಹೊಟ್ಟೆಯುರಿ. ಯುವಜನೋತ್ಸವಕ್ಕೆ ಅದೇ ನಾಟಕ ಎಂದು ಶ್ರೀಪಾಲ ಆ ವಾರವೇ ಘೋಷಿಸಿದ.

ನಾಯಕನ ಪಾತ್ರಕ್ಕೆ ಕರೋಶಿಯ ಭೀಮಸಿಯನ್ನು ಆರಿಸಿದ. ಎತ್ತರದ ಆಳು, ಮಾತು ಕಡಿಮೆ. ಅವನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಮೊದಮೊದಲು ಎಡವುತ್ತಿದ್ದ, ಸಾಲು ಮರೆತು ಬೆವರುತ್ತಿದ್ದ. ಹೀಗಿದ್ದವನು ಒಂದು ಮಧ್ಯಾಹ್ನ ಮಡುಗಟ್ಟಿದ ನೀರು ಒಡೆದಂತೆ ಮಾತಾಡತೊಡಗಿದ. ಕೇಳುತ್ತ ಕೂತ ಶ್ರೀಪಾಲನ ಬೆನ್ನು ನೆಟ್ಟಗಾಯಿತು. ಕೊನೆಯ ನಾಲ್ಕಾರು ಸಾಲು ನಾಟಕದಲ್ಲಿ ಇರಲೇ ಇಲ್ಲ.

ಯಾರು ಕಲಿಸಿದ್ದು ಎಂದು ಕೇಳಿದ. ಭೀಮಸಿ ಗಲಿಬಿಲಿಗೊಂಡು ರಂಗದ ಅಂಚಿನತ್ತ ನೋಡಿದ.

"ಕೆಳಗಿಂದ ಹೇಳಿಕೊಡಾಕತ್ತಿದ್ರಲ್ರಿ ಸರ್."

ಕೆಳಗೆ ಮೊಳೆ ಹೊಡೆದ ಹಲಗೆಗಳಿದ್ದವು. ಅವುಗಳ ಮೇಲೆ ಧೂಳು.

ಇಲ್ಲದ ಸಾಲು ಹೇಳಿಕೊಡಬಲ್ಲವರು ನಾಟಕ ಬರೆದವರೇ. ಅಂದಿನಿಂದ ಶ್ರೀಪಾಲನ ಕಣ್ಣು ಮಾಸ್ತರರನ್ನು ಬಿಡಲಿಲ್ಲ. ತಾಲೀಮಿನ ಹೊತ್ತಿಗೆ ಅವರು ಹೊರಗೆ ಸುಳಿದಾಡುವುದು, ಕರೆದರೆ ಒಳಗೆ ಬಾರದೆ ಹೋಗುವುದು, ಎಲ್ಲವೂ ಅನುಮಾನಕ್ಕೆ ಎಣ್ಣೆ ಹುಯ್ದವು. ಒಂದು ಬೆಳಿಗ್ಗೆ ಬೇಗ ಹೋದವನು ಅವರನ್ನು ಹಿಡಿದೇಬಿಟ್ಟ. ಮಾಸ್ತರರು ಹಲಗೆಯ ಬಳಿ ಕುಕ್ಕರಗಾಲಲ್ಲಿ ಕೂತು, ನಿಂಬೆಹಣ್ಣು ಹಿಂಡಿ, ಅರಿಶಿನದ ಭಂಡಾರ ಚೆಲ್ಲುತ್ತಿದ್ದರು. ಹುಡುಗರನ್ನು ಹೆದರಿಸುವ ಈ ಆಟ ಸಾಕು ಎಂದು ಶ್ರೀಪಾಲ ಗದರಿಸಿ, ಗೋದಾಮಿನ ಕೀಲಿಕೈ ಕಸಿದುಕೊಂಡ. ಮಾಸ್ತರರು ಹಳದಿ ಮೆತ್ತಿದ ಅಂಗೈ ಒರೆಸಿಕೊಳ್ಳುತ್ತ ಹೊರಟುಹೋದರು.

ಆದರೂ ಪಿಸುಮಾತು ನಿಲ್ಲಲಿಲ್ಲ. ಈಗ ಶ್ರೀಪಾಲನಿಗೂ ಕೇಳಿಸಿತು. ಒಣಗಿದ ತಂಬಾಕಿನ ಎಲೆ ಉಜ್ಜಿದಂಥ ಸದ್ದು. ಭೀಮಸಿ ಬಾಯಿ ತೆರೆಯುವುದಕ್ಕೆ ಒಂದು ಉಸಿರು ಮೊದಲು ಅದು ಬರುತ್ತಿತ್ತು. ತಾಲೀಮಿಲ್ಲದಾಗ ಬಾಗಿಲಿಗೆ ಬೀಗ, ಕೀಲಿ ತನ್ನ ಜೇಬಿನಲ್ಲಿ. ಹಾಗಾದರೆ? ಹೊಳೆಯಿತು. ಟೇಪ್‌ರೆಕಾರ್ಡರ್. ಮುದುಕ ಹಲಗೆಯ ಕೆಳಗೆ ಟೇಪ್‌ರೆಕಾರ್ಡರ್ ಇಟ್ಟಿದ್ದಾನೆ.

ಮರುದಿನ ತಾಲೀಮಿನ ನಡುವೆಯೇ ಹಾರೆ ತರಿಸಿದ. ಭೀಮಸಿ ಬೇಡವೆಂದು ಬೇಡಿಕೊಂಡ. ಉಳಿದ ಹುಡುಗರು ಗೋಡೆಗೆ ಅಂಟಿ ನಿಂತರು. ಮೊಳೆಗಳು ಕಿರುಚುತ್ತ ಕಿತ್ತುಬಂದವು. ತಗ್ಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ತುಂಬ ಹೊತ್ತು ಮುಚ್ಚಿಟ್ಟ ಬಾಯಿಯ ವಾಸನೆ.

ಶ್ರೀಪಾಲ ಇಳಿದು ಕೈಯಾಡಿಸಿದ. ಟೇಪ್‌ರೆಕಾರ್ಡರ್ ಇರಲಿಲ್ಲ. ವೈರೂ ಇರಲಿಲ್ಲ. ಮಣ್ಣೊಳಗೆ ಬೆರಳಿಗೆ ತಾಕಿದ್ದು ಒಂದು ಬೀಗ. ಕರಿದಾರ, ಕೂದಲು ಸುತ್ತಿ ಮೇಣ ಮೆತ್ತಿದ ಹಿತ್ತಾಳೆಯ ಬೀಗ. ಅಷ್ಟು ವರ್ಷ ನೆಲದಲ್ಲಿದ್ದರೂ ಅದು ಮೈಯಷ್ಟೇ ಬಿಸಿಯಾಗಿತ್ತು.

ಅವನು ಬೀಗ ಬಿಟ್ಟು ಕೈ ಹಿಂದಕ್ಕೆಳೆದುಕೊಂಡ. ಆದರೆ ಹುಡುಗರು ನೋಡುತ್ತಿದ್ದರು. ಇದಕ್ಕೇನಾ ನೀವು ಹೆದರಿದ್ದು ಎಂದು ನಗುತ್ತ ಮೇಲೆ ಬಂದು, ಬೀಗವನ್ನು ರಂಗದ ಮೇಲಿಟ್ಟು ಹಾರೆಯಿಂದ ಬಲವಾಗಿ ಹೊಡೆದ. ಬೀಗ ಬಾಯಿ ಬಿಟ್ಟಿತು.

ಏನೂ ಆಗಲಿಲ್ಲ. ಒಂದು ಗಳಿಗೆ ಏನೂ ಆಗಲಿಲ್ಲ.

ಆಮೇಲೆ ದೀಪಗಳು ಆರಿದವು. ಹುಡುಗರು ಬಾಗಿಲಿಗೆ ನುಗ್ಗಿದರು. ತಗಡು ಬಡಿಯುವ ಸದ್ದು. ಬಾಗಿಲು ಅಲ್ಲಾಡಲಿಲ್ಲ. ಕತ್ತಲ ನಡುವಿನಿಂದ ಭೀಮಸಿ ಮಾತಾಡತೊಡಗಿದ. ದನಿ ಭೀಮಸಿಯದಲ್ಲ. ಕಂಚಿನ ದನಿ. ನಾಯಕನ ಮಾತು, ರಾಣಿಯ ಮಾತು, ದೂತನ ಮಾತು, ಎಲ್ಲರ ಮಾತೂ ಒಂದೇ ಬಾಯಿಂದ. ಉಸಿರಿಗೂ ನಿಲ್ಲುತ್ತಿಲ್ಲ. ವೇಗ ಏರಿತು. ಇನ್ನೂ ಏರಿತು. ಶ್ರೀಪಾಲ ತಡಕಾಡುತ್ತ ಹೋಗಿ ಅವನ ಭುಜ ಹಿಡಿದ. ಮೈ ಕೆಂಡ. ಬಾಯಿ ಮುಚ್ಚಲು ಒತ್ತಿದ. ಅಂಗೈಗೆ ಬಿಸಿ ನೆತ್ತರು ಹರಿಯಿತು. ಹುಡುಗ ತನ್ನ ನಾಲಿಗೆಯನ್ನು ತಾನೇ ಕಚ್ಚುತ್ತಿದ್ದ. ಆದರೂ ಮಾತು ನಿಲ್ಲಲಿಲ್ಲ. ಬೆರಳ ಸಂದಿಯಿಂದ ಮಾತು. ನೆತ್ತರೊಳಗಿಂದ ಮಾತು. ಉಸಿರಿಲ್ಲದೆ ಹುಡುಗನ ಕಾಲು ಮಡಚಿತು. ಸಾಯುತ್ತಾನೆ. ಈಗಲೇ ಸಾಯುತ್ತಾನೆ.

ಆಗ ಮಾತು ಗಕ್ಕನೆ ನಿಂತಿತು. ಕಿವಿಯ ಪಕ್ಕದಲ್ಲೇ ಆ ದನಿ ಬಹಳ ವಿನಯದಿಂದ ಕೇಳಿತು.

"ಸರ್, ನನಗ ಪಾತ್ರ ಯಾವಾಗ ಕೊಡ್ತೀರಿ?"

ಭೀಮಸಿಯ ಎದೆ ಶ್ರೀಪಾಲನ ಕೈಯ ಕೆಳಗೆ ಮೇಲೇಳುತ್ತಿರಲಿಲ್ಲ.

"ಮುಂದಿನ ವರ್ಷ ಅನಬ್ಯಾಡ್ರಿ" ಎಂದಿತು ದನಿ.

"ಕೊಟ್ಟೆ" ಎಂದ ಶ್ರೀಪಾಲ. "ನಾ ಕೊಟ್ಟೆ. ಈ ಹುಡುಗನ್ನ ಬಿಡು."

ಅದೇ ಅವನ ದನಿಯಲ್ಲಿ ಬಂದ ಕೊನೆಯ ಮಾತು.

ಬಾಗಿಲು ಹೊರಗಿನಿಂದ ತೆರೆಯಿತು. ಗದ್ದಲ ಕೇಳಿ ಓಡಿಬಂದ ವಿರುಪಾಕ್ಷಪ್ಪ ಮಾಸ್ತರರು ಬೆಳಕಿನಲ್ಲಿ ನಿಂತಿದ್ದರು. ಭೀಮಸಿ ಕೆಮ್ಮುತ್ತ ಉಸಿರೆಳೆದುಕೊಂಡ. ಏನಾಯಿತೆಂದು ಮಾಸ್ತರರು ಕೇಳಿದರು. ಶ್ರೀಪಾಲ ಬಾಯಿ ತೆರೆದ. ಗಾಳಿ ಮಾತ್ರ ಬಂತು. ಮಾಸ್ತರರ ಕಣ್ಣು ರಂಗದ ಮೇಲಿನ ಒಡೆದ ಬೀಗಕ್ಕೆ ಹೋಯಿತು. ಅಲ್ಲೇ ಕುಸಿದು ಕೂತು ತಲೆಯ ಮೇಲೆ ಕೈ ಹೊತ್ತರು.

ಭೀಮಸಿಯ ನಾಲಿಗೆಗೆ ಹೊಲಿಗೆ ಹಾಕಿದರು. ಗಾಯ ಮಾಯ್ದು ಅವನು ಮೊದಲಿನಂತೆಯೇ ಮಾತಾಡಿದ. ಶ್ರೀಪಾಲನನ್ನು ಮಿರಜಿನ ದವಾಖಾನೆಯಲ್ಲಿ ತೋರಿಸಿದರು. ಗಂಟಲಲ್ಲಿ ದೋಷವೇ ಇಲ್ಲ ಎಂದರು ಡಾಕ್ಟರು. ಯುವಜನೋತ್ಸವಕ್ಕೆ ಯಾರೂ ಹೋಗಲಿಲ್ಲ. ಶ್ರೀಪಾಲ ರಜೆ ಹಾಕಿ ಕಾಗವಾಡದ ಬಸ್ಸು ಹತ್ತಿದ.

ಊರಿಗೆ ಬರುವ ಹೊತ್ತಿಗೆ ಗಂಟಲಲ್ಲಿ ಏನೋ ಸಡಿಲಾದಂತೆನಿಸಿತು. ಬಿಸಿಯಾಯಿತು. ಕೆಮ್ಮಿದ, ಸದ್ದು ಬಂತು. ಕಣ್ಣಲ್ಲಿ ನೀರು ತುಂಬಿತು. ದ್ರಾಕ್ಷಿಯ ಚಪ್ಪರದ ಕೆಳಗೆ ಹೆಚ್ಚುಕಡಿಮೆ ಓಡುತ್ತಲೇ ಮನೆ ಸೇರಿದ. ಹಿತ್ತಲಲ್ಲಿ ತಾಯಿ ರುಕ್ಮವ್ವ ಬೆನ್ನು ಮಾಡಿ ಕೂತು ಜೋಳ ಹಸನು ಮಾಡುತ್ತಿದ್ದಳು. ಸೆರಗು ಹೆಗಲ ಮೇಲೆ ಜಾರಿತ್ತು.

"ಅವ್ವಾ" ಎಂದು ಕರೆದ.

ಕಂಚಿನ ದನಿ ಹಿತ್ತಲೆಲ್ಲ ತುಂಬಿತು.

ಆಕೆ ತಿರುಗಲಿಲ್ಲ. ಬಾಗಿಲಲ್ಲಿ ಯಾರೋ ಪರಗಂಡಸು ನಿಂತಿದ್ದಾನೆಂದು ಮೊರ ಕೆಳಗಿಟ್ಟು, ಅವಸರದಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನನ ಮಗಾ ಮನ್ಯಾಗ ಇಲ್ಲರಿ" ಎಂದಳು. "ನೀವ್ ಯಾರ ಪೈಕಿ?"