ತಗ್ಗಿನ ಕಿಟಕಿ

"ಈ ಮನೆ ಯಾರಿಗೆ?"

ಕೇಳಲೇಬಾರದು ಅಂದುಕೊಂಡಿದ್ದ ಪ್ರಶ್ನೆ ಫಿರೋಜಾಳ ಬಾಯಿಂದ ಜಾರಿಯೇಬಿಟ್ಟಿತು.

"ನಂಗೇ," ಅಂದ ಆರ್ಕಿಟೆಕ್ಟ್ ಅಸದುಲ್ಲಾ, ನಕ್ಷೆ ಬಿಚ್ಚುತ್ತಾ. "ಒಂಟಿಯಾಗಿ ಎಷ್ಟು ದಿನ ಇರೋದು?" ಅವನ ಕಿವಿ ಕೆಂಪಾಗಿತ್ತು.

ಆವತ್ತಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಎಪ್ಪತ್ತರ ದಶಕದ ಚನ್ನಪಟ್ಟಣ. ಬೊಂಬೆ ಕಡೆಯುವ ಮನೆತನದ ಫಿರೋಜಾ ಅವನ ಕಟ್ಟಡಗಳಿಗೆ ಮರದ ಮಾಡೆಲ್ ಮಾಡಿಕೊಡುತ್ತಿದ್ದಳು. ಕನಕಪುರದ ಸ್ಕೂಲು, ಮಾಗಡಿಯ ಲೈಬ್ರರಿ, ರಾಮನಗರದ ರೇಷ್ಮೆ ಗೋದಾಮು, ಎಲ್ಲವೂ ಮೊದಲು ಅವಳ ಮಡಿಲಲ್ಲಿ ಕೂತೆದ್ದವೇ. ಕಂಬ ಒಸಿ ದಪ್ಪ ಆಯ್ತು ಅಂತ ಒಂದು ಸಲ, ಸಣ್ಣ ಆಯ್ತು ಅಂತ ಇನ್ನೊಂದು ಸಲ ಅವನು ಬರುತ್ತಲೇ ಇದ್ದ. ಕಂಬ ನೋಡುವ ನೆಪದಲ್ಲಿ ಅವಳ ಅರಗು ಮೆತ್ತಿದ ಬೆರಳು ನೋಡುತ್ತಿದ್ದ. ಕಳ್ಳ! ಅವಳಿಗೇನು ಗೊತ್ತಾಗುತ್ತಿರಲಿಲ್ಲವೇ?

ಈಗ ನೋಡಿದರೆ ಇನ್ಯಾರನ್ನೋ ತುಂಬಿಸಿಕೊಳ್ಳೋಕೆ ಮನೆ. ಅದನ್ನೂ ಇವಳ ಕೈಯಲ್ಲೇ ಮಾಡಿಸಬೇಕೇ!

ಅಮ್ಮ ಅಕ್ಬರಿ ಬೇಗಂ ಬೇರೆ ಪ್ರಾಣ ತಿನ್ನುತ್ತಿದ್ದಳು. "ಮಾಗಡಿಯಿಂದ ಹೆಣ್ಣು ನೋಡಕ್ಕೆ ಶುಕ್ರವಾರ ಬತ್ತೀವಿ ಅಂತಾವ್ರೆ. ಏನ್ ಹೇಳ್ಲಿ?"

"ಮಾಡೆಲ್ ಮುಗೀಲಿ, ಹೇಳ್ತೀನಿ."

ಮುಗಿಸಲು ಮನಸ್ಸೇ ಬಾರದು. ನಕ್ಷೆಯಲ್ಲೊಂದು ಉದ್ದನೆ ಕೋಣೆ, ಅದರ ಕಿಟಕಿ ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಿನಲ್ಲಿ. ಮದುವೆ ಸಡಗರದಲ್ಲಿ ಸಾಹೇಬರಿಗೆ ತಲೆ ಕೆಟ್ಟಿದೆ ಅಂದುಕೊಂಡು ಫಿರೋಜಾ ಅದನ್ನು ಮೇಲಕ್ಕೆ ಕೂರಿಸಿದಳು.

ಗುರುವಾರ ಬಂದ ಅಸದುಲ್ಲಾ ಮಾಡೆಲ್ ನೋಡಿದ. ಮುಖ ಬಾಡಿತು. "ಕಿಟಕಿ ಯಾಕೆ ಎತ್ತಿದ್ರಿ?"

"ಅಷ್ಟು ಕೆಳಗಿದ್ರೆ ನಿಮ್ಮ ಬೇಗಂ ಬಗ್ಗಿ ನೋಡ್ಬೇಕಾಯ್ತದೆ. ಸೊಂಟ ಹಿಡ್ಕೊಂತದೆ, ಪಾಪ."

"ನೆಲದ ಮೇಲೆ ಕೂತು ಕೆಲ್ಸ ಮಾಡೋರಿಗೆ ಅದೇ ಸರಿಯಾದ ಎತ್ತರ."

ಮರ ಕಡೆಯುವ ಲೇತಿನ ಮುಂದೆ ನೆಲದ ಮೇಲೆ ಕೂತಿದ್ದ ಫಿರೋಜಾ ತಲೆ ಎತ್ತಿದಳು. "ಏನು ಕೆಲ್ಸ?"

"ಬೊಂಬೆ ಕಡೆಯೋದು. ಲೇತು ತಿರುಗಿಸೋ ಕಮಾನು ಎಳೆಯೋಕೆ ಜಾಗ ಇರ್ಲಿ ಅಂತಾನೇ ಕೋಣೆ ಉದ್ದ. ಈ ಕತ್ತಲ ಗವಿಯೊಳಗೆ ನೀವು ಕಣ್ಣು ಕಿವುಚಿಕೊಂಡು ಕೂರೋದು ನಂಗೆ ನೋಡಕ್ಕಾಗಲ್ಲ." ಅವನು ಮಾಡೆಲನ್ನು ಅವಳ ಕಡೆ ತಳ್ಳಿದ. "ಬೇಡ ಅನ್ನೋದಾದ್ರೆ ಬಾಯಿಬಿಟ್ಟು ಹೇಳಿ ಫಿರೋಜಾ. ಕಿಟಕಿ ಎತ್ತಿ ಯಾಕೆ ಹೇಳ್ತೀರಿ?"

"ಯಾ ಅಲ್ಲಾ! ನೀವು ಬಾಯಿಬಿಟ್ಟು ಕೇಳಿದ್ರಾ? ನಕ್ಷೆ ಕೊಟ್ಟು ಎದ್ದು ಹೋದ್ರಿ! ನಾನಿಲ್ಲಿ ಬೆಂದುಹೋದೆ." ಕಣ್ಣು ತುಂಬಿತು, ಜೊತೆಗೇ ನಗುವೂ ಬಂತು.

ಒಳಗಿನಿಂದ ಅಕ್ಬರಿ ಬೇಗಂ ಕೂಗಿದಳು. "ಮಾಡೆಲ್ ಮುಗೀತೇನೇ? ಮಾಗಡಿಯವ್ರಿಗೆ ಏನಂತ ಹೇಳ್ಲಿ?"

ಫಿರೋಜಾ ಕಿಟಕಿ ಕಿತ್ತು ಉಳಿ ಕೈಗೆತ್ತಿಕೊಂಡಳು.

"ಬರೋದು ಬೇಡ ಅನ್ನು ಅಮ್ಮೀ. ನಮ್ಮನೆ ಕಿಟಕಿ ಇಳಿಸ್ಬೇಕು, ಒಸಿ ಕೆಲ್ಸ ಐತೆ."